ನಲವತ್ತೊಂದನೇ ಗುಂಪಿನ ನೀಲಗಂಗಾ

ನಾನು ಸಾಯುತ್ತಿದ್ದೇನೆ ಎಂಬ ಸುದ್ದಿಯನ್ನು ನನಗೆ ಮೊದಲು ತಿಳಿಸಿದವನು ಒಬ್ಬ ಆಟೋದವನು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆ ಇರಬಹುದು. ಅಡುಗೆಮನೆಯಲ್ಲಿ ರೊಟ್ಟಿ ಲಟ್ಟಿಸುತ್ತಿದ್ದೆ. ರೊಟ್ಟಿ ಬಡಿಯುವುದನ್ನು ಬಿಟ್ಟು ಲಟ್ಟಿಸುವವಳೂ ಒಂದು ಹೆಂಗಸೇ ಎಂದು ನಮ್ಮ ಗದಗಿನ ಹೆಂಗಸರು ಮೂಗು ಮುರಿಯುತ್ತಾರೆ. ಮುರಿಯಲಿ. ಸಂಧಿವಾತದಿಂದ ಹತ್ತು ಬೆರಳೂ ಸೊಟ್ಟಗಾದವಳು ರೊಟ್ಟಿ ಮಾಡುತ್ತಿದ್ದೇನಲ್ಲ, ಅದೇ ದೊಡ್ಡದು. ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು. ನಮ್ಮ ಓಣಿಯ ಮಾಬೂಸಾಬ ಗಾಡಿ ಬಂದ್ ಮಾಡದೆ ನೇರ ಒಳಗೇ ಓಡಿಬಂದ. ನನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ಅಕ್ಕಾರ, ನೀವು ಹಾಸಿಗಿ ಹಿಡದೀರಂತಲ್ರೀ? ಇವತ್ತೋ ನಾಳೆಯೋ ಅನ್ನೂ ಹಂಗ ಆಗೇತಂತ?"

"ಯಾರಿಗೆ?"

"ನಿಮಗರೀ."

"ಮುಂಜಾನೆದ್ದು ಬಾಯಾಗ ಒಳ್ಳೇದು ಬರಂಗಿಲ್ಲೇನು ನಿನಗ?" ಎಂದು ಲಟ್ಟಣಿಗೆ ಎತ್ತಿದೆ.

"ನಾ ಹೇಳಿದ್ದಲ್ರೀ. ನಿನ್ನೆ ಸಂತ್ಯಾಗ ಬದನಿಕಾಯಿ ಆರಸಾಕತ್ತಿದ್ರಿ, ಒಂದ ರಾತ್ರ್ಯಾಗ ಏನಾತಪಾ ಅಂತ ನನಗೂ ಗಾಬರಿ ಆತು. ಈ ಅಮ್ಮಾರು ಬಸ್‌ಸ್ಟ್ಯಾಂಡಿನಿಂದ ಅಳಕೋತ ಬಂದಾರ. ನಾಕು ಪ್ರೆಸ್ಸು ತಿರುಗಿಸಿ, ಐದನೇದು ನಿಮ್ಮ ಯಜಮಾನ್ರದು ಸಿಕ್ಕೇತಿ, ಅದಕ್ಕ ಕೀಲಿ ಇತ್ತು, ಸೀದಾ ಮನಿಗೇ ಕರಕೊಂಡು ಬಂದೆ."

ಅವನ ಹಿಂದೆ ಅರವತ್ತು ದಾಟಿದ ಒಬ್ಬ ಹೆಂಗಸು ನಿಂತಿದ್ದರು. ಎಡಗೈಯ ನರಗಳು ಉಬ್ಬಿ ಗಂಟುಗಂಟಾಗಿದ್ದವು. ಬಲಗೈಯಲ್ಲಿ ಒಂದು ಬ್ರೆಡ್ಡು, ಒಂದು ಚಿಪ್ಪು ಬಾಳೆಹಣ್ಣು. ರೋಗಿಯನ್ನು ನೋಡಲು ಬರುವವರು ಎಲ್ಲ ಊರಿನಲ್ಲೂ ಅದನ್ನೇ ತರುತ್ತಾರೆ.

"ನೀಲಗಂಗಾ ಅವರು ಯಾವ ಕೋಣೆಯಲ್ಲಿ ಮಲಗಿದ್ದಾರೆ?" ಎಂದು ಪಿಸುಗುಟ್ಟಿದರು. "ನಾನು ಶಬ್ದ ಮಾಡುವುದಿಲ್ಲ. ಒಮ್ಮೆ ಮುಖ ನೋಡಿ ಹೋಗ್ತೇನೆ."

ಮುಖ ಹೊಸದು. ದನಿ ಮಾತ್ರ ಮೂರು ವರ್ಷದಿಂದ ನಾನು ಪ್ರತಿ ಶುಕ್ರವಾರ ಕೇಳಿದ್ದು. ನನ್ನ ಕಣ್ಣು ತುಂಬಿ ಬಂತು.

"ಸೆವ್ರಿನ್ ಬಾಯಿ?" ಎಂದೆ.

ಅವರು ನನ್ನನ್ನು ದಾಟಿ ಒಳಕೋಣೆಯ ಕಡೆ ನೋಡಿದರು. "ಇದು ಅವರದ್ದೇ ಸ್ವರ. ನೀವು ತಂಗಿಯಾ?"

"ನಾನಽ ನೀಲಗಂಗಾ."

ಸೆವ್ರಿನ್ ಬಾಯಿ ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನನ್ನ ಕೈಗಂಟಿದ್ದ ಹಿಟ್ಟನ್ನೂ ಲಟ್ಟಣಿಗೆಯನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಸಣ್ಣಗಾಯಿತು.

"ಹಾಗಾದ್ರೆ ಸಾಯ್ತಾ ಇರುವುದು ಯಾರು?"

*

ಇದೆಲ್ಲ ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಈಗ ಕಿಡ್ನಿಗೆ, ಉಬ್ಬಸಕ್ಕೆ, ಸಂಧಿವಾತಕ್ಕೆ ಗುಳಿಗೆ ಬರೆಯುವ ಚೀಟಿಯಲ್ಲೇ ಡಾಕ್ಟರು ಒಂದು ಗುಂಪಿನ ನಂಬರನ್ನೂ ಬರೆದುಕೊಡುವ ಕಾಲ. ವಾಸಿಯಾಗದ ಕಾಯಿಲೆಯವರನ್ನು ಕಾಯಿಲೆಗಿಂತ ಮೊದಲು ಒಂಟಿತನ ತಿನ್ನುತ್ತದೆ, ಆದ್ದರಿಂದ ಐದಾರು ಜನ ವಾರಕ್ಕೊಮ್ಮೆ ಮನೆಯಲ್ಲೇ ಕುಳಿತು ಮಾತಾಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ಭಾಗದ ಗುಂಪುಗಳನ್ನು ನಡೆಸುವುದು ಧಾರವಾಡದ 'ಆಪ್ತವಲಯ' ಎಂಬ ಸಂಸ್ಥೆ. ಗೋಡೆಯ ಮಾಡದಲ್ಲಿ ಇಡಲು ಒಂದು ಚಿಕ್ಕ ಪೆಟ್ಟಿಗೆ, ಮಣಿಕಟ್ಟಿಗೆ ಒಂದು ಪಟ್ಟಿ ಕೊಡುತ್ತಾರೆ. ಪಟ್ಟಿ ನಾಡಿ, ಬೆವರು, ನಿದ್ದೆ ಎಲ್ಲವನ್ನೂ ನೋಡಿ ನೂರಕ್ಕೆ ಇಷ್ಟು ಎಂದು 'ನೆಮ್ಮದಿ ಅಂಕ' ಹಾಕುತ್ತದೆ. ಪೆಟ್ಟಿಗೆ ಮಾತು ದಾಟಿಸುತ್ತದೆ.

ಮಾತು ದಾಟಿಸುವುದು ಎಂದೆನಲ್ಲ, ಅದೇ ಅವರ ಹೆಚ್ಚುಗಾರಿಕೆ. ನೋವು ತಾಯಿನುಡಿಯಲ್ಲೇ ಬರುತ್ತದೆ ಎಂದು ಅವರು ನಂಬಿದ್ದರು. ನಾನು ಗದಗಿನ ಕನ್ನಡದಲ್ಲಿ ಮಾತಾಡಿದರೆ ಕಾರ್ಕಳದ ಸೆವ್ರಿನ್ ಬಾಯಿಗೆ ಅದು ಕೊಂಕಣಿಯಲ್ಲಿ ಕೇಳುತ್ತಿತ್ತು, ಬೀದರದ ಇಸಾಕ್ ಸಾಹೇಬರಿಗೆ ಉರ್ದುವಿನಲ್ಲಿ, ಬಳ್ಳಾರಿಯ ಪದ್ಮಾವತಮ್ಮ ಟೀಚರಿಗೆ ತೆಲುಗಿನಲ್ಲಿ, ಕೊಡಗಿನ ಮುತ್ತಣ್ಣನಿಗೆ ಕೊಡವ ತಕ್ಕಿನಲ್ಲಿ. ದನಿ ಮಾತ್ರ ನನ್ನದೇ. ಅವರ ಮಾತು ನನಗೆ ಅವರವರ ದನಿಯಲ್ಲಿ, ನಮ್ಮ ಮನೆಯ ಕನ್ನಡದಲ್ಲಿ ಬರುತ್ತಿತ್ತು. ಈ ಏರ್ಪಾಡಿಗೆ 'ಸ್ವರಸೇತು' ಎಂದು ಹೆಸರು. ಎಲ್ಲರಿಗೂ ಅಷ್ಟೋ ಇಷ್ಟೋ ಕನ್ನಡ ಬರುತ್ತಿತ್ತು. ಅದರಲ್ಲೇ ಮಾತಾಡಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಆಗ ನಮಗೆ ಅದು ಹೊಳೆಯಲಿಲ್ಲ. ಸೆವ್ರಿನ್ ಬಾಯಿ ಗದಗಿನವರ ಹಾಗೆ "ಏನವಾ ನೀಲಕ್ಕ" ಎನ್ನುವುದನ್ನು ಕೇಳಿ ನಾನು ಹಿಗ್ಗುತ್ತಿದ್ದೆ.

ನಾನು ಗುಂಪಿಗೆ ಸೇರಿದಾಗ ನನ್ನ ಅಂಕ ಹನ್ನೊಂದು. ಜಂಪರು ಹೊಲಿಯುವುದೇ ನನ್ನ ಕಸುಬು. ಮೂವತ್ತು ವರ್ಷ ಹೊಲಿದ ಕೈ ಸೂಜಿಗೆ ದಾರ ಪೋಣಿಸಲಾರದಂತಾಗಿ, ಕೂದಲು ಬಾಚಿಕೊಳ್ಳಲು ಗಂಡನನ್ನು ಕರೆಯುವಂತಾಗಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ಈ ನಾಲ್ವರು ನನ್ನನ್ನು ಎಬ್ಬಿಸಿದರು. ಹಾಗೆಂದು ನಾನು ನಂಬಿದ್ದೆ. ಇಸಾಕ್ ಸಾಹೇಬರು ಉಸಿರು ಸಿಕ್ಕಿಕೊಳ್ಳುತ್ತಿದ್ದರೂ ಹಾಸ್ಯ ಮಾಡುತ್ತಿದ್ದರು. ಸೆವ್ರಿನ್ ಬಾಯಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಬಂದು, ಕುಡಿಯಬಾರದ ನೀರಿನ ಆಸೆಯನ್ನು ಎಂಥ ಚಂದ ವರ್ಣಿಸುತ್ತಿದ್ದರೆಂದರೆ ನನಗೇ ಬಾಯಾರುತ್ತಿತ್ತು. ಐದನೇ ತಿಂಗಳಿಗೆ ನಾನೇ ಬಾಚಿಕೊಂಡೆ. ಎರಡನೇ ವರ್ಷ ರೊಟ್ಟಿ. ಮೊನ್ನೆ ಶುಕ್ರವಾರ ಅವರಿಗೆಲ್ಲ ಹೇಳಿದೆ, ನಾಲ್ಕು ವರ್ಷದ ನಂತರ ಒಂದು ಜಂಪರಿಗೆ ತೋಳು ಕೂಡಿಸಿದೆ, ನಾನೊಬ್ಬಳೇ, ಯಾರೂ ಹಿಡಿಯಲಿಲ್ಲ ಎಂದು. ಆಗ ಸೆವ್ರಿನ್ ಬಾಯಿ ಗಹಗಹಿಸಿ ನಕ್ಕಿದ್ದರು. "ಭಾಳ ಚಲೋ ಆತು. ನನಗೂ ಒಂದು ಹೊಲಿದು ಕೊಡವಾ" ಎಂದಿದ್ದರು.

ಈಗ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತ ಸೆವ್ರಿನ್ ಬಾಯಿಯನ್ನು ಅದನ್ನೇ ಕೇಳಿದೆ.

"ಎಂತ ಜಂಪರು?" ಎಂದರು. "ಶುಕ್ರವಾರ ನೀವು ಹೇಳಿದ್ದು ಒಂದೇ. ಇನ್ನು ಬಹಳ ದಿನ ಇಲ್ಲ ಬಾಯಿ, ನಿಮ್ಮ ಮುಖ ಒಮ್ಮೆ ನೋಡ್ಬೇಕಿತ್ತು ಅಂತ. ನೀವು ಅಳ್ತಾ ಇದ್ರಿ. ನಾನೂ ಅತ್ತೆ. ಬರ್ತೇನೆ, ಸ್ವಲ್ಪ ತಡ್ಕೊಳ್ಳಿ ಅಂತ ಹೇಳಿದೆ."

"ನೀವು ನಗಾಕತ್ತಿದ್ರಿ."

"ನಾನು ನಿಮ್ಮ ಸಂಗಡ ಮೂರು ವರ್ಷದಲ್ಲಿ ಒಮ್ಮೆಯಾದ್ರೂ ನಕ್ಕದ್ದುಂಟಾ? ನೀವು ಆ ಸ್ಥಿತಿಯಲ್ಲಿರುವಾಗ ನಗ್ತಾರಾ ಮಾರಾಯ್ರೆ?"

ಗುಂಪಿನವರು ಒಬ್ಬರನ್ನೊಬ್ಬರು ಭೇಟಿಯಾಗಬಾರದು ಎಂಬುದು ಸಂಸ್ಥೆಯ ನಿಯಮ. ಫೋನ್ ನಂಬರನ್ನು ಪೆಟ್ಟಿಗೆ ದಾಟಿಸುತ್ತಲೇ ಇರಲಿಲ್ಲ. ಆದರೆ ಆ ನಿಯಮ ಮಾಡಿದವರಿಗೆ ನಮ್ಮ ಜನ ಗೊತ್ತಿಲ್ಲ. ಸಾಯುವವರ ಮುಖವನ್ನು ಕಡೇ ಸಲ ನೋಡದೆ ಇದ್ದರೆ ಇಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ. ಸೆವ್ರಿನ್ ಬಾಯಿಗೆ ನನ್ನ ಊರು ಗದಗು, ಗಂಡನದು ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸು, ಇಷ್ಟೇ ಗೊತ್ತಿತ್ತು. ಶನಿವಾರದ ಡಯಾಲಿಸಿಸ್ ಮುಗಿಸಿ, ಮಂಗಳವಾರದ್ದರ ಒಳಗೆ ಹೋಗಿ ಬರುವ ಲೆಕ್ಕ ಹಾಕಿ, ಮಗಳ ಹತ್ತಿರ ಸುಳ್ಳು ಹೇಳಿ ಬಸ್ಸು ಹತ್ತಿದ್ದರು. ಇಲ್ಲಿ ಇಳಿದು ಕಂಡ ಕಂಡ ಪ್ರೆಸ್ಸಿಗೆಲ್ಲ ನುಗ್ಗಿ, "ನಿಮ್ಮ ಹೆಂಡತಿ ಹಾಸಿಗೆ ಹಿಡಿದಿದ್ದಾರಾ?" ಎಂದು ಕೇಳಿದ್ದರಂತೆ. ಬೈಸಿಕೊಂಡೂ ಇದ್ದರಂತೆ.

ಅರ್ಧ ರೊಟ್ಟಿ ತಿಂದರು. ನನ್ನ ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ತಮ್ಮ ನಂಬರು ಬರೆದುಕೊಟ್ಟರು. ಮಧ್ಯಾಹ್ನದ ಬಸ್ಸಿಗೆ ಹತ್ತಿಸುವಾಗ "ನೀವು ಚೆನ್ನಾಗಿ ಇರುವುದು ನೋಡಿ ಸಂತೋಷ ಆಯ್ತು" ಎಂದರು. ಆದರೆ ಹಾಗೆನ್ನುವಾಗ ಅವರು ಬಸ್ಸಿನ ಮೆಟ್ಟಿಲನ್ನು ನೋಡುತ್ತಿದ್ದರು. ದಣಿದಿದ್ದಾರೆ, ಅದಕ್ಕೇ ಇರಬೇಕು ಎಂದುಕೊಂಡೆ.

*

ಬುಧವಾರ ಧಾರವಾಡಕ್ಕೆ ಹೋದೆವು, ನಾನೂ ನನ್ನ ಗಂಡ ವಿರೂಪಾಕ್ಷಪ್ಪನೂ.

ಆಪ್ತವಲಯದ ಆಫೀಸಿನಲ್ಲಿ ನಮಗೆ ಗೊತ್ತಿದ್ದವರೆಂದರೆ ಡಾಕ್ಟರ್ ಮೃಣಾಲಿನಿ ಕಟ್ಟಿ. ಮನಸ್ಸಿನ ಡಾಕ್ಟರು. ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಿದ್ದರು. ನನ್ನ ಕೈ ಹಿಡಿದು ಬೆರಳಿನ ವ್ಯಾಯಾಮ ಮಾಡಿಸಿದ್ದೇ ಅವರು. ಮಗಳಿಲ್ಲದ ನಾನು ಆಕೆಗೆ ಎಷ್ಟು ಸಲ ತಲೆಗೆ ಎಣ್ಣೆ ಹಚ್ಚಿ ಕಳಿಸಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಯಂತ್ರ ಎಲ್ಲೋ ಕೆಟ್ಟಿದೆ, ಮೃಣಾಲಿನಿಗೆ ಹೇಳಿದರೆ ಗಾಬರಿಯಾಗಿ ಓಡಿ ಹೋಗಿ ಸರಿ ಮಾಡಿಸುತ್ತಾಳೆ ಎಂದುಕೊಂಡೇ ಹೋಗಿದ್ದೆ.

ನಾನು ಹೇಳಿದ್ದನ್ನೆಲ್ಲ ಆಕೆ ಕೇಳಿದಳು. ಗಾಬರಿಯಾಗಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

"ನಿನಗ ಗೊತ್ತಿತ್ತು," ಎಂದೆ.

"ಬರ್ರಿ ನೀಲಕ್ಕಾ, ನಿಮಗ ತೋರಸ್ತೀನಿ."

ಕಂಟ್ರೋಲ್ ರೂಮು ಎಂದರೆ ಏನೇನೋ ಇರಬಹುದೆಂದು ಎಣಿಸಿದ್ದೆ. ತಂಪಾದ ಒಂದು ಕೋಣೆ, ಎಂಟು ಪರದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಇಬ್ಬರು ಹುಡುಗಿಯರು, ಅಷ್ಟೇ. ಮೃಣಾಲಿನಿ ನಲವತ್ತೊಂದನೇ ಗುಂಪನ್ನು ತೆರೆದಳು. ಐದು ಬಣ್ಣದ ಐದು ಗೆರೆ. ಮೊದಲ ನಾಲ್ಕು ತಿಂಗಳಲ್ಲಿ ನಾಲ್ಕು ಗೆರೆ ಮೆಲ್ಲಗೆ ಏರುತ್ತಿದ್ದವು, ಒಂದು ಕೆಳಗೇ ಇತ್ತು. ಕೆಳಗಿದ್ದದ್ದು ನಾನು.

"ಐದನೇ ತಿಂಗಳಾಗ ನೀವು ತಲಿ ಬಾಚಿಕೊಂಡ್ರಿ, ನೆನಪದನ? ಗುಂಪಿನ್ಯಾಗ ಹೇಳಿದ್ರಿ. ಎಲ್ಲಾರೂ ಭೇಷ್ ಅಂದ್ರು. ಮುಂದ ನೋಡ್ರಿ."

ನನ್ನ ಗೆರೆ ಏರಿದ ವಾರದಿಂದ ಉಳಿದ ನಾಲ್ಕೂ ಇಳಿದಿದ್ದವು. ಇಸಾಕ್ ಸಾಹೇಬರದು ಬಾವಿಗೆ ಬಿದ್ದಂತೆ ಬಿದ್ದಿತ್ತು.

"ಅವರು ಔಷಧ ತಗೊಳ್ಳೋದು ನಿಲ್ಲಿಸಿಬಿಟ್ಟಿದ್ರು," ಎಂದಳು ಮೃಣಾಲಿನಿ. "ನನಗಿಂತ ಕಷ್ಟದಾಗ ಇದ್ದಾಕಿ ಸುದ್ದಾ ಎದ್ದಳು, ನನ್ನ ಕೈಲೆ ಆಗಲಿಲ್ಲ ಅಂತ. ಮನುಷ್ಯಾರ ಮನಸ್ಸು ಹಂಗ ಅದ ನೀಲಕ್ಕಾ. ನಮಗಿಂತ ಕೆಳಗ ಒಬ್ಬರು ಕಂಡ್ರ ನಾವು ನಿಂತಿದ್ದ ನೆಲ ಗಟ್ಟಿ ಅನಸ್ತದ. ಅವರಿಗೆ ನೀವು ಬೇಕಿತ್ತು. ಕೆಳಗಿರೋ ನೀವು."

ಮುಂದಿನದನ್ನು ಆಕೆ ಪಾಠ ಒಪ್ಪಿಸುವವರ ಹಾಗೆ ಹೇಳಿದಳು. ಮಾತಿನಲ್ಲಿ ಒರಟು ಶಬ್ದ ಬಂದರೆ ಮೆತ್ತಗೆ ಮಾಡಿ ದಾಟಿಸುವ ಅಧಿಕಾರವನ್ನು ಸೇತುವಿಗೆ ಮೊದಲೇ ಕೊಟ್ಟಿದ್ದರು. ಗುಂಪಿನ ಒಟ್ಟು ನೆಮ್ಮದಿ ಹೆಚ್ಚಿಸುವುದೇ ಅದರ ಕೆಲಸ. ನನ್ನ ಏಳಿಗೆಯಿಂದ ಒಟ್ಟು ಅಂಕ ಇಳಿದದ್ದನ್ನು ಕಂಡು ಅದು ತಾನಾಗಿಯೇ ನನ್ನನ್ನು ಹಳೆಯ ಜಾಗದಲ್ಲೇ ಉಳಿಸಿಕೊಂಡಿತು. ನಾನು "ಚಲೋ ಅದೀನಿ" ಎಂದರೆ ಅವರಿಗೆ "ಆಗವಲ್ದು" ಎಂದು ಕೇಳಿಸಿತು. ಅವರ ಸಮಾಧಾನದ ಮಾತು ನನ್ನ ಸಂತೋಷಕ್ಕೆ ಹೊಂದುವುದಿಲ್ಲವಲ್ಲ, ಅದನ್ನು ನಗುವಾಗಿ ಮಾಡಿ ನನಗೆ ಕೊಟ್ಟಿತು. ಇಸಾಕ್ ಸಾಹೇಬರು ಮತ್ತೆ ಔಷಧ ಶುರು ಮಾಡಿದರು. ಎಲ್ಲರೂ ಏರಿದರು, ನಾನೂ ಏರಿದೆ.

"ಯಂತ್ರ ಮಾಡಿತು ಅನ್ನು. ನಿಮಗ ಯಾವಾಗ ತಿಳೀತು?"

"ಮೂರು ವಾರಕ್ಕ."

"ಮೂರು ವಾರಕ್ಕ ತಿಳಿದು ಮೂರು ವರ್ಷ ಸುಮ್ಮ ಇದ್ದಿ. ನಮ್ಮನಿಗೆ ಬಂದು ಉಂಡು ಹೋದಿ."

ಆಕೆ ತಲೆ ತಗ್ಗಿಸಿದಳು. "ಐದೂ ಮಂದಿ ಚಲೋ ಆಗಲಿಕತ್ತಿದ್ರಿ. ನಿಲ್ಲಿಸಿದ್ರ ಯಾರರೆ ಒಬ್ಬರು ಹೋಗ್ತಿದ್ರು. ನಾ ಏನು ಮಾಡಬೇಕಿತ್ತು ನೀವಽ ಹೇಳ್ರಿ."

ಶುಕ್ರವಾರದ ಮಾತನ್ನು ನನಗೆ ಕೇಳಿಸು ಎಂದೆ. ಬೇಡ ಎಂದಳು. ಕೇಳಿಸದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದೆ. ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ಕೊಂಕಣಿಯಲ್ಲಿ ಒಬ್ಬ ಹೆಂಗಸು ನರಳುತ್ತಿದ್ದಳು. ಒಂದೊಂದು ಮಾತಿಗೂ ಉಸಿರು ಕಟ್ಟುತ್ತಿತ್ತು. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಆ ದನಿ ನನ್ನದೇ ಎಂದು ತಿಳಿಯಿತು. ನಾನು ಹೆತ್ತ ತಾಯಿಯ ಹೆಣದ ಮುಂದೂ ಹಾಗೆ ಅತ್ತವಳಲ್ಲ. ಆಮೇಲೆ ಸೆವ್ರಿನ್ ಬಾಯಿಯ ನಿಜವಾದ ಉತ್ತರ ಬಂತು. ಬಿಕ್ಕುತ್ತ, ಮೂಗು ಸೀಟುತ್ತ, ಏನನ್ನೋ ಮತ್ತೆ ಮತ್ತೆ ಬೇಡಿಕೊಳ್ಳುವ ಮಾತು. ಮೂರು ವರ್ಷದಲ್ಲಿ ನನ್ನ ಗೆಳತಿ ನನಗೆ ಹೇಳಿದ ಮಾತನ್ನು ನಾನು ಮೊದಲನೇ ಸಲ ಕೇಳಿದ್ದು ಅದೇ.

ಆಕೆ ಅಷ್ಟು ಪ್ರೀತಿಸಿದ್ದು ನನ್ನನ್ನಲ್ಲ ಎಂದು ನನಗೆ ಆಗ ಗೊತ್ತಾಯಿತು. ನನಗೆ ಬಂದ ಪ್ರೀತಿಯೂ ಆಕೆಯದಲ್ಲ.

*

ವಾಪಸು ಬರುವಾಗ ರೈಲಿನಲ್ಲಿ ಗಂಡನನ್ನು ಕೇಳಿದೆ. ಸಂಸ್ಥೆಗೆ ಸೇರುವಾಗ ಹನ್ನೆರಡು ಪುಟದ ಒಪ್ಪಿಗೆ ಪತ್ರ ಬಂದಿತ್ತು. ನನ್ನ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಓದಿ, ನನ್ನ ಹೆಬ್ಬೆಟ್ಟು ಒತ್ತಿಸಿದವನು ಇವನೇ.

"ಅದರಾಗ ಬರದಿತ್ತಂತ. 'ಗುಂಪಿನ ಹಿತಕ್ಕಾಗಿ ಮಾತನ್ನು ಸಂಸ್ಕರಿಸಲು ಒಪ್ಪಿದ್ದೇನೆ' ಅಂತ. ನೀವು ಓದಲಿಲ್ಲೇನು?"

"ಓದಿದೆ."

"ಓದಿ?"

ವಿರೂಪಾಕ್ಷಪ್ಪ ಕಿಟಕಿಯ ಆಚೆ ನೋಡಿದ. ನಲವತ್ತು ವರ್ಷದಿಂದ ಊರವರ ಲಗ್ನಪತ್ರಿಕೆಗಳಲ್ಲಿ ತಪ್ಪು ಹುಡುಕುತ್ತ ಬಂದವನು. "ಅದರಾಗ ಎರಡು ಕಡೆ ಒತ್ತಕ್ಷರ ತಪ್ಪಿತ್ತು," ಎಂದ. "ಅದನ್ನ ಗುರುತು ಮಾಡಿಟ್ಟಿದ್ದೆ. ಪ್ರೂಫ್ ನೋಡಾಂವ ಅಕ್ಷರ ನೋಡತಾನ ನೀಲಾ, ಅರ್ಥ ನೋಡಂಗಿಲ್ಲ. ತಪ್ಪಾತು."

ಬೇರೆ ದಿನವಾಗಿದ್ದರೆ ಅವನ ಮೈಮೇಲೆ ಹರಿಹಾಯುತ್ತಿದ್ದೆ. ಆ ದಿನ ಸಿಟ್ಟು ಮಾಡಲು ಸಹ ಮನಸ್ಸಾಗಲಿಲ್ಲ. ತಪ್ಪಾಯಿತು ಎಂದವನು ಅವನೊಬ್ಬನೇ.

ಮೃಣಾಲಿನಿಗೆ ನಾನು ಒಂದೇ ಮಾತು ಹೇಳಿ ಬಂದಿದ್ದೆ. ಈ ಶುಕ್ರವಾರ ಸೇತು ಇಲ್ಲದೆ ಎಲ್ಲರನ್ನೂ ಕೂಡಿಸು, ಹರಕು ಮುರುಕು ಕನ್ನಡವಾದರೂ ಸರಿ, ನಾನೇ ಹೇಳುತ್ತೇನೆ. ಆಗುವುದಿಲ್ಲ ಎಂದರೆ ನನ್ನ ಗಂಡನದು ಪ್ರೆಸ್ಸು, ಸೋಮವಾರದೊಳಗೆ ಹುಬ್ಬಳ್ಳಿ-ಧಾರವಾಡದ ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಹ್ಯಾಂಡ್‌ಬಿಲ್ ಹಂಚುತ್ತೇನೆ.

"ಇಸಾಕ್ ಸಾಹೇಬರಿಗೆ ಏನರೆ ಆದ್ರ?" ಎಂದು ಕೇಳಿದಳು ಆಕೆ.

ಆ ಪ್ರಶ್ನೆ ಎರಡು ದಿನ ನನ್ನನ್ನು ತಿಂದಿತು. ಹೇಳದೆ ಇದ್ದುಬಿಡಲೇ ಎಂದೂ ಯೋಚಿಸಿದೆ. ಆದರೆ ಹೇಳದಿದ್ದರೆ ಮುಂದಿನ ಶುಕ್ರವಾರ ನಾನು ಪೆಟ್ಟಿಗೆಯ ಮುಂದೆ ಕುಳಿತು ಏನು ಮಾತಾಡಲಿ? ಯಾರ ಜೊತೆ? ಅಲ್ಲದೆ ನನಗೆ ಒಳಗೊಳಗೆ ಒಂದು ಆಸೆಯಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಯಂತ್ರದ ಗೆರೆ ಏನೇ ಹೇಳಲಿ, ನಾನು ಬದುಕಿದ್ದೇನೆ, ರೊಟ್ಟಿ ಮಾಡುತ್ತಿದ್ದೇನೆ ಎಂದು ನನ್ನ ಬಾಯಿಂದಲೇ ಕೇಳಿದರೆ ಅವರು ಖುಷಿಪಡುತ್ತಾರೆ ಎಂದು ನಾನು ನಂಬಿದ್ದೆ. ಸಾಯುವವಳಿಗಾಗಿ ಅಷ್ಟು ಅತ್ತವರು ಆಕೆ ಎದ್ದು ಕುಳಿತರೆ ಕುಣಿಯುವುದಿಲ್ಲವೇ? ಅದೊಂದನ್ನು ಕೇಳುವುದಕ್ಕಾಗಿಯೇ ನನಗೆ ಆ ಶುಕ್ರವಾರ ಬೇಕಾಗಿತ್ತು.

*

ನಾಲ್ಕು ಗಂಟೆಗೆ ಪೆಟ್ಟಿಗೆ ತೆರೆಯಿತು. ಮೃಣಾಲಿನಿ ಎರಡು ಮಾತಿನಲ್ಲಿ ಕ್ಷಮೆ ಕೇಳಿ ನನಗೆ ಬಿಟ್ಟಳು. ನಾನು ಎಲ್ಲ ಹೇಳಿದೆ. ನಿಧಾನವಾಗಿ, ಅರ್ಥವಾಗುವ ಕನ್ನಡದಲ್ಲಿ. ತಲೆ ಬಾಚಿದ್ದು, ರೊಟ್ಟಿ, ಜಂಪರಿನ ತೋಳು. ನೀವು ಕೇಳಿದ ನರಳಾಟ ನನ್ನದಲ್ಲ ಎಂದೂ, ನಾನು ಚೆನ್ನಾಗಿದ್ದೇನೆ ಎಂದೂ, ನಿಮ್ಮಿಂದಲೇ ಚೆನ್ನಾಗಿದ್ದೇನೆ ಎಂದೂ.

ಇಸಾಕ್ ಸಾಹೇಬರ ಉಸಿರಿನ ಸಿಳ್ಳು ಮಾತ್ರ ಕೇಳುತ್ತಿತ್ತು.

ಮೊದಲು ಬಾಯಿಬಿಟ್ಟವರು ಪದ್ಮಾವತಮ್ಮ ಟೀಚರು. "ಎರಡು ವರ್ಷದಿಂದ ನಿಮ್ಮ ಹೆಸರಲ್ಲಿ ಗುರುವಾರ ಒಪ್ಪತ್ತು ಮಾಡ್ತಿದ್ದೆ ನೀಲಕ್ಕ," ಎಂದರು. "ಈ ಮೈಯಲ್ಲಿ ಒಪ್ಪತ್ತು ಮಾಡೋದು ಎಷ್ಟು ಕಷ್ಟ ಗೊತ್ತಾ ನಿಮಗೆ?"

"ನಿಮ್ಮ ಒಪ್ಪತ್ತು ಫಲ ಕೊಟ್ಟೈತಿ ಟೀಚರ್, ನಾ ಚಲೋ ಅದೀನಲ್ಲ," ಎಂದೆ.

"ನೀವು ಮೊದಲಿಂದಾನೇ ಚೆನ್ನಾಗಿದ್ರಲ್ಲ," ಎಂದರು.

ಮುತ್ತಣ್ಣನಿಗೆ ಮೂವತ್ತೆರಡು ವರ್ಷ. ಕರುಳಿನ ಹುಣ್ಣಿನಿಂದ ಅನ್ನ ಕಂಡರೆ ಹೆದರುವ ಹುಡುಗ. ಅವನು ಕೂಗಾಡಿದ. "ದಿನಾ ಬೆಳಿಗ್ಗೆ ನೋವು ಶುರುವಾದಾಗ ನಿಮ್ಮನ್ನ ನೆನೆಸ್ಕೊಂಡು ಎದ್ದೇಳ್ತಿದ್ದೆ. ಅಯ್ಯೋ, ಅವ್ರಿಗಿಂತ ನಾನು ವಾಸಿ ಅಂತ. ಈಗ ಯಾರನ್ನ ನೆನೆಸ್ಕೊಳ್ಳಲಿ? ನೀವು ಯಾಕೆ ಹೇಳಿದ್ರಿ? ನಿಮಗೆ ಚೆನ್ನಾಗಾಯ್ತಲ್ಲ, ಸುಮ್ಮನೆ ಇರಬಾರದಿತ್ತಾ?"

ಮೋಸ ಹೋದವಳು ನಾನು. ಆದರೂ ಕಟಕಟೆಯಲ್ಲಿ ನಿಂತವಳೂ ನಾನೇ ಆಗಿದ್ದೆ.

"ಖುಷಿ ಆಯ್ತು ಬೇಟಿ," ಎಂದರು ಇಸಾಕ್ ಸಾಹೇಬರು. "ದೇವರು ನಿನಗೆ ಆಯುಷ್ಯ ಕೊಡಲಿ." ಅಷ್ಟು ಹೇಳಿ ಅವರ ಪೆಟ್ಟಿಗೆ ಬಂದಾಯಿತು. ಮೃಣಾಲಿನಿ ಗಾಬರಿಯಾಗಿ ಯಾರಿಗೋ ಫೋನ್ ಮಾಡು, ಬೀದರಿಗೆ ಜನ ಕಳಿಸು ಎಂದು ಹೇಳುತ್ತಿರುವುದು ಕೇಳಿಸಿತು.

ಸೆವ್ರಿನ್ ಬಾಯಿ ಕೊನೆಯವರೆಗೂ ಒಂದು ಮಾತೂ ಆಡಲಿಲ್ಲ.

ಮರುದಿನ ಮೃಣಾಲಿನಿ ತಾನೇ ಫೋನ್ ಮಾಡಿದಳು. ಇಸಾಕ್ ಸಾಹೇಬರ ಮಗ ಮನೆಯಲ್ಲೇ ಇದ್ದಾನೆ, ಸದ್ಯಕ್ಕೆ ಚಿಂತೆಯಿಲ್ಲ ಎಂದಳು. ನಾನು ಕಾಲುಗಂಟೆ ಅತ್ತೆ. ಆಮೇಲೆ ಆಕೆ ತಡವರಿಸುತ್ತ ಇನ್ನೊಂದು ವಿಷಯ ಹೇಳಿದಳು. ಗುಂಪು ಮುಚ್ಚಬೇಕೋ, ಸೇತು ಇಲ್ಲದೆ ಮುಂದುವರಿಯಬೇಕೋ, ಏನು ಮಾಡಬೇಕೆಂದು ಉಳಿದ ನಾಲ್ವರನ್ನೂ ಪ್ರತ್ಯೇಕವಾಗಿ ಕೇಳಿದ್ದಾರಂತೆ.

"ಏನಂದ್ರು?"

"ಅದನ್ನ ನಾ ಹೇಳೋ ಹಂಗಿಲ್ಲ ನೀಲಕ್ಕಾ. ಈ ಸಲ ಎಲ್ಲಾ ಕಾಗದದ ಮ್ಯಾಲೆ ಬರದು, ಓದಿ ಹೇಳಿ, ಸಹಿ ತಗೊಳ್ಳಿಕತ್ತೀವಿ. ಯಾರಿಗೂ ಸುಳ್ಳು ಹೇಳಿಲ್ಲ." ಆಮೇಲೆ, "ನಿಮ್ಮ ಪೆಟ್ಟಿಗಿ ವಾಪಸ್ ತಗೊಂಡು ಹೋಗಲಿಕ್ಕೆ ಸೋಮವಾರ ಒಬ್ಬರು ಬರ್ತಾರ," ಎಂದಳು.

ಗುಂಪು ಮುಚ್ಚಿತು ಎಂದೇ ನಾನು ತಿಳಿದೆ. ಪೆಟ್ಟಿಗೆ, ಪಟ್ಟಿ ಎರಡನ್ನೂ ಒರೆಸಿ ಕೊಟ್ಟು ಕಳಿಸಿದೆ.

*

ಮುಂದಿನ ಶುಕ್ರವಾರ ಊಟವಾದ ಮೇಲೆ ಮಲಗಿದರೆ ನಿದ್ದೆ ಹತ್ತಲಿಲ್ಲ. ಸೆವ್ರಿನ್ ಬಾಯಿ ನನಗಾಗಿ ಬಸ್ಸು ಹತ್ತಿ ಬಂದವರು. ಉಳಿದವರು ಹೋದರೆ ಹೋಗಲಿ, ಆ ಒಂದು ಜೀವ ನಿಜ. ನನ್ನ ಬೆರಳನ್ನು ಮುಟ್ಟಿ ನೋಡಿದ ಕೈ ಯಾವ ಯಂತ್ರದ್ದೂ ಅಲ್ಲ. ಒಬ್ಬರಿಗೊಬ್ಬರು ಎರಡು ಮಾತಾಡಿಕೊಳ್ಳಲು ನಮಗೆ ಯಾರ ಸೇತುವೆಯೂ ಬೇಡ ಎಂದುಕೊಂಡು, ಅವರು ಬರೆದುಕೊಟ್ಟ ನಂಬರು ಒತ್ತಿದೆ. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು.

ಬಹಳ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದರು.

"ಹಲೋ, ಸೆವ್ರಿನ್ ಬಾಯಿ, ನಾ ಗದಗದ ನೀಲಗಂಗಾ. ಹೆಂಗದೀರಿ?"

"ಆಮೇಲೆ ಮಾಡ್ತೀರಾ ನೀಲಕ್ಕ?" ಪಿಸುಮಾತು. "ಈಗ ಗುಂಪು ನಡೀತಾ ಉಂಟು."

"ಯಾವ ಗುಂಪರೀ?"

ಫೋನಿನ ಹಿಂದೆ, ಅವರ ಮನೆಯ ಕೋಣೆಯಲ್ಲಿ, ಒಬ್ಬ ಹೆಂಗಸು ಕೊಂಕಣಿಯಲ್ಲಿ ನರಳುತ್ತಿದ್ದಳು. ಉಸಿರು ಕಟ್ಟಿ ಕಟ್ಟಿ ಏನೋ ಹೇಳುತ್ತಿದ್ದಳು. ನನ್ನ ದನಿ. ಮೂರು ವರ್ಷ ನನ್ನಿಂದ ಕಲಿತದ್ದು ಸೇತುವಿಗೆ ಸಾಕಾಗಿತ್ತು, ಇನ್ನು ನಾನು ಬೇಕಾಗಿರಲಿಲ್ಲ. ಅದರ ಹಿಂದೆಯೇ ಇಸಾಕ್ ಸಾಹೇಬರ ದನಿಯೂ ಕೇಳಿಸಿತು, ಕೊಂಕಣಿಯಲ್ಲೇ, ಅದನ್ನು ಸಮಾಧಾನ ಮಾಡುತ್ತಿತ್ತು.

"ಸೆವ್ರಿನ್ ಬಾಯಿ," ಎಂದೆ. "ನೀವು ನಮ್ಮನಿಗೆ ಬಂದಿದ್ರಿ. ನನ್ನನ್ನ ಕಣ್ಣಾರೆ ನೋಡೀರಿ. ಆಕಿ ಯಾರೂ ಅಲ್ಲ. ನೀಲಗಂಗಾ ಅಂದ್ರ ನಾನು."

"ಗೊತ್ತುಂಟು ನೀಲಕ್ಕ. ಎಲ್ಲ ಗೊತ್ತುಂಟು, ಓದಿಯೇ ಸೈನ್ ಹಾಕಿದ್ದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಯ ಕೋಣೆಯಲ್ಲಿ ಗಲಾಟೆ ಮಾಡುವವರನ್ನು ಹೊರಗೆ ಕಳಿಸುವಾಗ ಇರುವಷ್ಟು ಅವಸರ ಮಾತ್ರ ಇತ್ತು. "ನೀವು ಚೆನ್ನಾಗಿದ್ದೀರಿ, ನಿಮಗೆ ಗಂಡ ಇದ್ದಾರೆ. ಪಾಪ, ಇವರಿಗೆ ಇವತ್ತು ತುಂಬಾ ಕಷ್ಟ ಆಗ್ತಾ ಉಂಟು. ನಾವು ನಾಲ್ಕು ಜನ ಬಿಟ್ರೆ ಇವರಿಗೆ ಯಾರೂ ಇಲ್ಲ. ಇಡ್ತೇನೆ, ಆಯ್ತಾ?"